ಭಾನುವಾರದ ಬೆಂಚು

ಅಕ್ಕ ಬರುತ್ತಾಳೆಂದು ತಿಳಿದದ್ದೇ ತಡ, ಕನ್ನಡಕದಂಗಡಿಯಲ್ಲಿ ಕೆಲಸಕ್ಕಿದ್ದ ತಮ್ಮ, ಜೊತೆಯವರನ್ನೆಲ್ಲ ಕಾಡಿಬೇಡಿ ಊರಲ್ಲಿ ನೋಡುವಂಥ ಜಾಗಗಳ ಪಟ್ಟಿ ಬರೆದುಕೊಂಡ. ಹನ್ನೊಂದು ವರ್ಷ ಇಲ್ಲೇ ಗಾಜು ಉಜ್ಜಿದವನು ಒಂದನ್ನೂ ಕಂಡವನಲ್ಲ. ಎರಡು ದಿನ ಕೆರೆ, ಗೋಪುರ, ಮ್ಯೂಸಿಯಂ ಎಂದು ಅಕ್ಕನನ್ನು ಉಸಿರಾಡಲೂ ಬಿಡದೆ ಸುತ್ತಿಸಿದ. "ಈ ಊರಲ್ಲಿ ನಾನು ಕಣ್ಮುಚ್ಚಿಕೊಂಡು ಓಡಾಡ್ತೀನಿ" ಎಂದು ಜಂಬ ಕೊಚ್ಚಿದವನು ಕಾವಲುಗಾರನ ಹತ್ತಿರ ಕೆರೆಯ ದಾರಿ ಕೇಳಿದ್ದು ಅಕ್ಕನ ಕಣ್ಣಿಗೆ ಬೀಳದಿರಲಿಲ್ಲ.

ಮೂರನೆಯ ದಿನ ಭಾನುವಾರ. "ನನ್ನ ಕಾಲು ಬಿದ್ದುಹೋಯ್ತು ಕಣೋ," ಎಂದಳು ಅಕ್ಕ. "ರಜಾ ದಿನ ನೀನೆಲ್ಲಿಗೆ ಹೋಗ್ತೀಯೋ ಅಲ್ಲಿಗೆ ಕರ್ಕೊಂಡ್ಹೋಗು, ಸಾಕು."

ತಮ್ಮ ತಬ್ಬಿಬ್ಬಾದ. ಕೊನೆಗೆ ಬಸ್ ನಿಲ್ದಾಣಕ್ಕೆ ಕರೆದೊಯ್ದು, ನಲ್ಲಿಯ ಪಕ್ಕದ ಬೆಂಚಿನ ಮೇಲೆ ಕೂರಿಸಿದ.

"ನನ್ನ ಬಸ್ಸಿಗೆ ಇನ್ನೂ ಎರಡು ಗಂಟೆ ಇದೆಯಲ್ಲೋ?"

"ನಾನು ಬರೋದೇ ಇಲ್ಲಿಗೆ ಅಕ್ಕ. ಜನ ಹತ್ತೋದು, ಇಳಿಯೋದು ನೋಡ್ತಾ ಕೂತಿರ್ತೀನಿ."

ಅಕ್ಕ ಚೀಲದಿಂದ ಕಿತ್ತಳೆ ತೆಗೆದು, ಸುಲಿದು, ಅರ್ಧ ಅವನಿಗೆ ಕೊಟ್ಟಳು. ಇಬ್ಬರೂ ಬಸ್ಸುಗಳನ್ನು ನೋಡುತ್ತ ಕೂತರು.

ತನ್ನ ಬಸ್ಸು ಬಂದಾಗ ಅವಳು ಹತ್ತಿ, ಕಿಟಕಿಯಿಂದ ಕೈ ಬೀಸಿದಳು. ಆ ಬೆಂಚಿನ ಮುಂದೆ ಎಷ್ಟೋ ಕೈಗಳು ಬೀಸಿಹೋಗಿದ್ದವು. ಅವನಿಗೆಂದು ಬೀಸಿದ್ದು ಇದೊಂದೇ. ತಾನೂ ಕೈಯೆತ್ತಬೇಕೆಂದು ಅವನಿಗೆ ಹೊಳೆಯುವಷ್ಟರಲ್ಲಿ ಬಸ್ಸು ತಿರುವು ದಾಟಿತ್ತು.