ಮಾರ್ಕಂಡೇಯನ ಮೀನಿನ ಲೈಟು

"ತಲಿದಿಕ್ಕು ಕತ್ತಲೈತಿ, ಲೈಟ್ ಹಾಕೋ" ಎಂದು ತಿರುಪತಮ್ಮ ಅನ್ನುವುದೇ ತಡ, ಅವಳ ತಮ್ಮ ಚಂದ್ರಕಾಂತ್ ಮೀನಿನ ತೊಟ್ಟಿಯ ಪಕ್ಕದ ಸ್ವಿಚ್ ಒತ್ತಿದ. ಕೆಂಪು, ಹಸಿರು, ನೀಲಿ ಚುಕ್ಕೆಗಳು ನಡುಮನೆಯ ತುಂಬ ಗಿರಗಿರ ತಿರುಗತೊಡಗಿದವು. ಚಾಪೆಯ ಮೇಲೆ ಮಲಗಿಸಿದ್ದ ಅವಳ ಗಂಡ ಮಾರ್ಕಂಡೇಯನ ಮುಖ ಒಮ್ಮೆ ಹಸಿರಾಯಿತು, ಒಮ್ಮೆ ನೀಲಿಯಾಯಿತು. ಬದುಕಿದ್ದಾಗ ಅವನಿಗೆ ಇಷ್ಟು ಕಳೆ ಬಂದದ್ದಿಲ್ಲ. ಅಳುತ್ತಿದ್ದ ಹೆಂಗಸರು ಅಳುವುದನ್ನೇ ಮರೆತರು.

ಉಟ್ಕೂರಿನಿಂದ ಆಗಷ್ಟೇ ಬಂದಿಳಿದ ಮಾರ್ಕಂಡೇಯನ ಗೆಳೆಯ ಚಂದ್ರಯ್ಯ ಹಾರ ಹಿಡಿದುಕೊಂಡು ಬಾಗಿಲಲ್ಲೇ ನಿಂತ. "ಇದೇನ್ರಿ, ತಪ್ಪಿ ಮದುವಿ ಮನಿಗೆ ಬಂದ್ನೇನು?"

"ಆರ್ಸೋ ಅದನ್ನ" ಎಂದು ತಿರುಪತಮ್ಮ ಗದರಿದಳು. "ಇನ್ನ ಯಾರೂ ಸ್ವಿಚ್ ಮುಟ್ಟಬ್ಯಾಡ್ರಿ. ಎಣ್ಣಿ ದೀಪ ಒಂದ ಸಾಕು." ಆಮೇಲೆ ತಮ್ಮನ ಕಿವಿಯಲ್ಲಿ ಹೇಳಿದಳು: "ಮಣ್ಣು ಮುಗಿಸಿ ಬಂದಮ್ಯಾಲೆ ಈ ಮೀನು ಜೂರಾಲ ಡ್ಯಾಮಿಗೆ ಒಯ್ದು ನೀರಿಗೆ ಬಿಡು. ನನ್ನ ಕಣ್ಣಮುಂದ ಬ್ಯಾಡ."

* * *

ಆ ಲೈಟು ಬಂದದ್ದು ಮಕ್ತಲದಿಂದ. ನಾರಾಯಣಪೇಟೆಯಲ್ಲಿ ಮಗ್ಗದ ಗುಂಡಿಗೆ ಕಾಲಿಟ್ಟು ಆಯುಷ್ಯ ಸವೆಸಿದ ಮಾರ್ಕಂಡೇಯ, ಮಂಡಿ ಕೈಕೊಟ್ಟ ಮೇಲೆ ತಟ್ಟೆಯಂಥ ಡಿಸ್ಕಸ್ ಮೀನು ತಂದು ಸಾಕಿದ್ದ. ಅಂಗಡಿಯಲ್ಲಿ ಕೆಂಪಗಿದ್ದವು ಮನೆಗೆ ಬಂದದ್ದೇ ಬಿಳಿಚಿಕೊಂಡು ತೊಟ್ಟಿಯೊಳಗಿನ ಮರದ ಬೇರಿನ ಹಿಂದೆ ಅಡಗಿದವು. ರೇಷ್ಮೆಯ ರಂಗು ತಿಳಿಯಬೇಕೆಂದರೆ ದಾರವನ್ನು ಅಂಗಳದ ಬಿಸಿಲಿಗೆ ಹಿಡಿಯುವುದು ನೇಕಾರರ ರೂಢಿ. ಮೀನಿಗೂ ಬೆಳಕು ಸಾಲದೆಂದು ಅವನು ಗದ್ವಾಲದಿಂದ ಉರಿಬೆಳಕಿನ ಲೈಟು ತಂದ. ಮೀನು ಇನ್ನಷ್ಟು ಒಳಗೆ ಸರಿದವು. ಕಡೆಗೆ ಮಕ್ತಲದ ಆಶಪ್ಪನ ಅಂಗಡಿಗೆ ಹೋಗಿ, "ಡಿಸ್ಕಸ್ ಲೈಟ್ ಕೊಡ್ರಿ" ಎಂದ.

"ಡಿಸ್ಕೋ ಲೈಟೇನ್ರಿ? ದೊಡ್ಡದ ಒಯ್ರಿ" ಎಂದು ಆಶಪ್ಪ ಮದುವೆ ಬರಾತಿನ ಲೈಟು ಕಟ್ಟಿಕೊಟ್ಟ.

"ಅಂಗಡಿಯಾವ ತಿಳಿದ ಕೊಟ್ಟಾನ. ಮೀನಿಗೆ ರೂಢಿ ಆಗಬೇಕು" ಎಂದು ಮಾರ್ಕಂಡೇಯ ಅದನ್ನೇ ತೊಟ್ಟಿಗೆ ಬಿಗಿದ. ಮೀನಿಗಿಂತ ಮೊದಲು ಹೆಂಡತಿಗೆ ತಲೆ ಸುತ್ತಿತು.

"ಕೆಂಪು ಮೀನಂತ. ಹಿಂಡಿ ಒಗದ ನಿಂಬಿಹೋಳು ಕಂಡ್ಹಾಂಗ ಅದಾವ್ರಿ."

"ಸರಿ ಬೆಳಕು ಒಂದ ಸಿಗಲಿ. ನಾನು ನೇಯ್ದ ನಿನ್ನ ಮದುವಿ ಸೀರಿ ರಂಗು ಇವಕ್ಕೈತಿ. ನಿನಗ ತೋರಸಾಕಂತನ ತಂದೀನಿ."

ಆ ಬೆಳಕು ಅವನಿಗೆ ಸಿಗಲೇ ಇಲ್ಲ. ನಿನ್ನೆ ಊಟಕ್ಕೆ ಕೂತಾಗಲೂ ಅವಳು ನಿಂಬೆಹೋಳಿನ ಮಾತನ್ನೇ ಆಡಿದ್ದಳು. ಅದೊಂದು ಮಾತು ಆಡಬಾರದಿತ್ತು ಎಂದು ಈಗ ಅವಳಿಗೆ ಅನ್ನಿಸುತ್ತಿತ್ತು.

* * *

ಮಣ್ಣಿಗೆ ಹೋದವರು ಬಂದು ದೀಪ ನೋಡಿಯೇ ತಮ್ಮ ಮನೆಗೆ ಹೋಗಬೇಕು. ಹೆಣವಿದ್ದ ಜಾಗದಲ್ಲಿ, ತೊಟ್ಟಿಯ ಮಗ್ಗುಲಿಗೆ, ಎಣ್ಣೆ ದೀಪ ಉರಿಯುತ್ತಿತ್ತು. ಹೊತ್ತು ಮುಳುಗಿದ್ದರೂ ಸ್ವಿಚ್ ಮುಟ್ಟುವ ಧೈರ್ಯ ಯಾರಿಗೂ ಇರಲಿಲ್ಲ. ಚಂದ್ರಕಾಂತ್ ಬಕೀಟು ಹಿಡಿದು ತೊಟ್ಟಿಯ ಹತ್ತಿರ ಬಂದವನು ಹಾಗೇ ನಿಂತುಬಿಟ್ಟ.

"ಅಕ್ಕಾ, ಸ್ವಲ್ಪ ಇಲ್ಲಿ ಬಾ."

ಮೀನು ಬೇರಿನ ಮರೆಯಿಂದ ಹೊರಗೆ ಬಂದಿದ್ದವು. ಆ ಸಣ್ಣ ಹಳದಿ ಬೆಳಕಿನಲ್ಲಿ ಗಾಜಿನ ಹತ್ತಿರವೇ ನಿಧಾನವಾಗಿ ಸುಳಿದಾಡುತ್ತಿದ್ದವು, ಒಂದೊಂದೂ ಕುಂಕುಮದ ಕೆಂಪು. ಅದೇ ಸೀರೆ, ಅದೇ ರಂಗು. ಬೆಳಗಿನಿಂದ ಬಾರದಿದ್ದ ಅಳು ತಿರುಪತಮ್ಮನಿಗೆ ಈಗ ಬಂತು.

ದೀಪ ನೋಡಲು ಬಂದ ಚಂದ್ರಯ್ಯ ದೀಪದ ಕಡೆ ತಿರುಗಲೂ ಇಲ್ಲ, ಮೀನಿಗೇ ಕೈ ಮುಗಿದ.

"ಅಕ್ಕಾ, ತಡ ಆದ್ರ ಬಸ್ ಸಿಗಾಂಗಿಲ್ಲ" ಎಂದ ಚಂದ್ರಕಾಂತ್.

ತಿರುಪತಮ್ಮ ಅವನ ಕೈಯಿಂದ ಬಕೀಟು ತೆಗೆದುಕೊಂಡಳು. ತೊಟ್ಟಿಯ ಮುಂದೆ ಅದನ್ನು ಬೋರಲು ಹಾಕಿ, ಎರಡೂ ಕೈಯಲ್ಲಿ ದೀಪ ಎತ್ತಿ ತಂದು, ಮೀನಿಗೆ ನೇರವಾಗಿ ಅದರ ಮೇಲೆ ಇಟ್ಟಳು.