ಬಲಗಡೆಯ ಸೀಟು

ಹುಮೈದನ ಸೊಂಟ ಕೈಕೊಟ್ಟಿದ್ದು ರಮದಾನ್ ಹಬ್ಬ ಕಳೆದ ಮೂರನೇ ದಿನ. ಇಬ್ರಾದ ಡಾಕ್ಟರು ಎಕ್ಸ್‌ರೇ ಬೆಳಕಿಗೆ ಹಿಡಿದು ನೋಡಿ, ಇನ್ನು ಗಾಡಿಯ ಆ ಗಟ್ಟಿ ಸೀಟಿನ ಮೇಲೆ ಕೂತು ಮರಳುದಿಬ್ಬ ಹಾರಿಸಿದರೆ ನಡೆಯುವುದನ್ನೇ ಮರೆಯಬೇಕಾಗುತ್ತದೆ ಎಂದರು. ಮರಳುಗಾಡಿನ ಅಂಚಿನ ಬಿದಿಯಾದ ಮನುಷ್ಯನಿಗೆ ಮರಳಿಗೆ ಹೋಗಬೇಡ ಅನ್ನುವುದು ಸುಲಭ. ಹುಮೈದನ ಹದಿನೇಳು ಒಂಟೆಗಳು ಮರಳಿನೊಳಗೆ ನಲವತ್ತು ಕಿಲೋಮೀಟರ್ ದೂರದ ಹಟ್ಟಿಯಲ್ಲಿದ್ದವು. ನೋಡಿಕೊಳ್ಳಲು ತಮ್ಮ ಸೈಫ್ ಅಲ್ಲೇ ಇದ್ದನಾದರೂ ದಿನ ಬಿಟ್ಟು ದಿನ ನೀರು, ಮೇವು ಹೊತ್ತು ಹೋಗಬೇಕಾದವನು ಹುಮೈದನೇ. ಹೋಗಲಾಗದಿದ್ದರೆ ಒಂಟೆ ಮಾರಬೇಕು.

ಗ್ಯಾರೇಜಿನ ಬಲೂಚಿ ಮುರಾದ್ ಒಂದು ದಾರಿ ಹೇಳಿದ. ಹುಮೈದನದು ಮೂರು ಬಾಗಿಲಿನ ಹಳೆಯ ಪಜೇರೊ, ಸೀಟು ಹಲಗೆಯ ಹಾಗೆ. ಅದೇ ಕಾಲದ ಐದು ಬಾಗಿಲಿನ ಗಾಡಿಯ ಡ್ರೈವರ್ ಸೀಟಿನ ಅಡಿಯಲ್ಲಿ ಸ್ಪ್ರಿಂಗ್ ಇರುತ್ತದೆ, ನಿಮ್ಮ ತೂಕಕ್ಕೆ ತಿರುಗಣೆ ತಿರುಗಿಸಿದರೆ ಗುಂಡಿ ಬಂದಾಗ ಗಾಡಿ ಹಾರುತ್ತದೆ, ನೀವು ತೇಲುತ್ತೀರಿ ಎಂದ. ಹುಮೈದ್ ಅಲ್ಲೇ ನಿಂತು ಶಾರ್ಜಾದ ಗುಜರಿಯವನಿಗೆ ಫೋನು ಹಚ್ಚಿ, ಡ್ರೈವರ್ ಸೀಟೇ ಆಗಬೇಕು, ಬೇರೆ ಯಾವುದನ್ನೂ ಕಳಿಸಬೇಡ ಎಂದು ಮೂರು ಸಲ ಹೇಳಿದ. ಗುಜರಿಯವನು ಪ್ರಾಮಾಣಿಕ. ಡ್ರೈವರ್ ಸೀಟನ್ನೇ ಕಳಿಸಿದ.

ಮೇವಿನ ಲಾರಿಯಲ್ಲಿ ಬಂದ ಸೀಟನ್ನು ಮುರಾದ್ ಹಿಂದೆ ಮುಂದೆ ತಿರುಗಿಸಿ ನೋಡಿದ, ಆಮೇಲೆ ಕೈ ಒರೆಸಿಕೊಂಡ.

"ಮಾವ, ಇದು ಜಪಾನಿಂದ ಬಂದ ಗಾಡಿದು. ಅಲ್ಲಿ ಡ್ರೈವರ್ ಬಲಗಡೆ ಕೂರ್ತಾನೆ, ನಮ್ಮ ಹಾಗೆ ಎಡಗಡೆ ಅಲ್ಲ."

"ಕೂತ್ಕೊಳ್ಲಿ ಬಿಡು. ಸೀಟಿಗೇನ್ ಗೊತ್ತಾಗುತ್ತೆ?"

"ಸೀಟಿಗೆ ಗೊತ್ತಾಗಲ್ಲ. ಅದರ ಕಾಲಿಗೆ ಗೊತ್ತಾಗುತ್ತೆ."

ಗಾಡಿಯ ತಳ ನಡುವೆ ಉಬ್ಬಿರುತ್ತದೆ. ಅದಕ್ಕೇ ಸೀಟಿನ ಒಳಗಾಲು ಗಿಡ್ಡ, ಹೊರಗಾಲು ಉದ್ದ. ಎಡಕ್ಕೆ ಹಾಕಿದರೆ ತಿರುಗುಮುರುಗು. ಕಾಲು ಕೊಯ್ದು ಬೆಸುಗೆ ಹಾಕು ಎಂದು ಹುಮೈದ್ ಹೇಳಿದರೆ, ದಿಬ್ಬದ ನೆತ್ತಿಯಲ್ಲಿ ಬೆಸುಗೆ ಬಿಟ್ಟರೆ ನಿಮ್ಮ ಹೆಣ ಹೊರುವ ಜನಾಜಕ್ಕೆ ನಾನು ಯಾವ ಮುಖ ಹೊತ್ತು ಬರಲಿ ಎಂದು ಮುರಾದ್ ಒಪ್ಪಲಿಲ್ಲ. ಹುಮೈದ್ ಮೊಂಡ. ಮರದ ತುಂಡು ಕೊಟ್ಟು ಹೇಗೋ ಎಡಕ್ಕೇ ಕೂರಿಸಿಕೊಂಡು ಮನೆಗೆ ಹೊರಟ. ಊರೆಲ್ಲ ನೋಡುವಂತೆ ಬಾಗಿಲಿಗೆ ವಾಲಿಕೊಂಡು ಹೋದ. ಎರಡು ದಿನ ನಡಿಗೆಯೂ ಹಾಗೇ ವಾಲಿತ್ತು. ಮೂರನೇ ದಿನ, ತಂದದ್ದು ದಂಡವಾಗಬಾರದೆಂದು ಸೀಟನ್ನು ಬಲಕ್ಕೆ ಹಾಕಿಸಿದ. ನಾಲ್ಕು ಬೋಲ್ಟೂ ಸರಾಗವಾಗಿ ಇಳಿದವು. ತನ್ನ ಕೆಳಗೆ ಅದೇ ಹಳೇ ಹಲಗೆ.

ಬಲಗಡೆ ಹೆಂಡತಿ ಥುರಯ್ಯಾ ಕೂತಳು. ಬಿದಿಯಾದ ಹೆಣ್ಣುಮಕ್ಕಳಿಗೆ ಸ್ಟೀರಿಂಗ್ ಹೊಸತಲ್ಲ. ಹನ್ನೆರಡನೇ ವಯಸ್ಸಿಗೇ ಅಪ್ಪನ ಪಿಕಪ್ಪನ್ನು ದಿಬ್ಬ ಹತ್ತಿಸಿದವಳು ಅವಳು. ಮದುವೆಯಾದ ವಾರಕ್ಕೆ ಹುಮೈದ್, ನನ್ನ ಗಾಡಿ ನಾನೇ ಓಡಿಸುವುದು ಎಂದಿದ್ದ. ಅವಳು ಆಯಿತು ಎಂದಿದ್ದಳು. ಮೂವತ್ತನಾಲ್ಕು ವರ್ಷವಾಯಿತು.

ಆ ದಿನ ನೀರಿನ ಡ್ರಮ್ಮು ತುಂಬಿಸಿ ಹೊರಟರು. ಮರಳಿನ ಬಾಯಲ್ಲಿ, ಚಕ್ರ ಹೂತುಹೋಗದಿರಲೆಂದು ಟೈರಿನ ಗಾಳಿ ಇಳಿಸಿದರು. ಮೊದಲ ದಿಬ್ಬಕ್ಕೆ ಹುಮೈದ್ ಹಲ್ಲು ಕಚ್ಚಿದ. ಎರಡನೆಯದಕ್ಕೆ ಅವನ ಕಣ್ಣಿಗೆ ಕತ್ತಲೆ ಕವಿಯಿತು. ಪಕ್ಕದಲ್ಲಿ ಥುರಯ್ಯಾ ಸುಮ್ಮನೆ ಮೇಲೆ ಕೆಳಗೆ ತೇಲುತ್ತ ಖರ್ಜೂರ ತಿನ್ನುತ್ತಿದ್ದಳು, ಬೀಜವೂ ಕೈ ಜಾರಲಿಲ್ಲ. ಮೂರನೇ ದಿಬ್ಬದ ಬುಡದಲ್ಲಿ ಅವನು ಗಾಡಿ ನಿಲ್ಲಿಸಿದ. ಕ್ಲಚ್ಚು ಒತ್ತಲು ಕಾಲೇ ಏಳಲಿಲ್ಲ.

ಅವಳು ಖರ್ಜೂರದ ಬೀಜ ಕಿಟಕಿಯಾಚೆ ಎಸೆದು, ಎಂದಿನಂತೆ ಮಗನ ಹೆಸರು ಹಿಡಿದು ಗಂಡನನ್ನು ಕರೆದಳು.

"ಸಾಲಿಮನ ಅಪ್ಪ, ಇಳೀರಿ. ಈ ಕಡೆ ಬನ್ನಿ."

"ಹಟ್ಟಿಗೆ ನಾನು ಹೆಂಡತಿ ಪಕ್ಕ ಮೂಟೆ ಹಾಗೆ ಹೋಗ್ಲಾ?"

"ಮೂಟೆ ಆದ್ರೂ ಹೋಗಿ ತಲುಪುತ್ತೆ. ನೀವು ಇಲ್ಲೇ ಕೂತಿದ್ದೀರಿ."

ಅವನಿಗೆ ಸಿಟ್ಟು ಬಂತು, ಅಳುವೂ ಬಂತು. ಎರಡನ್ನೂ ಸೊಂಟನೋವಿನ ಲೆಕ್ಕಕ್ಕೆ ಹಾಕಿ, ಗಾಡಿ ಹಿಡಿದುಕೊಂಡು ಸುತ್ತಿ ಬಂದ. ತಿರುಗಣೆಯನ್ನು ತನ್ನ ತೂಕಕ್ಕೆ ಮೂರು ಸುತ್ತು ಬಿಗಿ ಮಾಡಿಕೊಂಡ. ಥುರಯ್ಯಾ ಸ್ಟೀರಿಂಗ್ ಮುಂದೆ ಕೂತು, ಬುರ್ಖಾ ಸರಿಮಾಡಿಕೊಂಡು ಗಾಡಿಯನ್ನು ಇಪ್ಪತ್ತು ಗಜ ಹಿಂದಕ್ಕೆ ತಂದಳು, ದಿಬ್ಬವನ್ನು ಓರೆಯಾಗಿ ಹಿಡಿದು ಹತ್ತಿಸಿದಳು, ನೆತ್ತಿಯಲ್ಲಿ ಅರೆಕ್ಷಣ ತಡೆದು ಇಳಿಸಿದಳು. ಹುಮೈದ್ ತೇಲಿದ. ಸೊಂಟ ಸುಮ್ಮನಿತ್ತು. ತನಗಿಂತ ಚೆನ್ನಾಗಿ ಓಡಿಸುತ್ತಾಳೆ ಎನ್ನುವುದು ಏಳನೇ ದಿಬ್ಬಕ್ಕೆ ಅವನಿಗೆ ಖಾತ್ರಿಯಾಯಿತು. ಇಷ್ಟು ವರ್ಷ ಇವಳನ್ನು ಪಕ್ಕದಲ್ಲಿ ಕೂರಿಸಿ ಕುಲುಕಿಸಿದೆನಲ್ಲ ಎಂದು ನಾಚಿಕೆಯಾಯಿತು. ಹನ್ನೊಂದನೆಯದರ ಹೊತ್ತಿಗೆ ನಾಚಿಕೆಗಿಂತ ಹಾಯೆನಿಸಿದ್ದೇ ಹೆಚ್ಚು.

ಹಟ್ಟಿಯಲ್ಲಿ ಸೈಫ್ ಎಂದಿನಂತೆ ಎಡ ಬಾಗಿಲಿಗೆ ಬಂದ. ಕಿಟಕಿಯಲ್ಲಿ ಅತ್ತಿಗೆಯನ್ನು ಕಂಡು ಚಾಚಿದ ಕೈ ಎದೆಗಿಟ್ಟುಕೊಂಡು ಗಾಡಿ ಸುತ್ತಿ ಬಂದ. ಅಣ್ಣ ತಮ್ಮ ಮೂಗಿಗೆ ಮೂಗು ತಾಗಿಸಿದರು, ಕ್ಷೇಮ ಕೇಳಿಕೊಂಡರು, ಚಾಪೆಯ ಮೇಲೆ ಕೂತರು. ಆಮೇಲೆ ಸೈಫ್ ಕೇಳಬೇಕಾದ್ದನ್ನು ಕೇಳಿದ.

"ಏನಣ್ಣ ಸುದ್ದಿ?"

ಇದಕ್ಕೆ ಉತ್ತರ ಒಂದೇ: ಏನೂ ಇಲ್ಲ, ಎಲ್ಲ ಕ್ಷೇಮ. ಮನೆಯಲ್ಲಿ ಸಾವಾಗಿದ್ದರೂ ಮೊದಲು ಹಾಗೆಂದು, ಕಾಫಿ ಕುಡಿದು, ಆಮೇಲೆ ಉಳಿದದ್ದು. ಅವರಪ್ಪ ಹಾಗೇ ಹೇಳುತ್ತಿದ್ದ, ಅಜ್ಜನೂ. ಹುಮೈದ್ ಗಾಡಿಯ ಕಡೆ ನೋಡಿದ. ಥುರಯ್ಯಾ ಒಬ್ಬಳೇ ನೀರಿನ ಡ್ರಮ್ಮು ಇಳಿಸುತ್ತಿದ್ದಳು.

"ಸುದ್ದಿ ಇದೆ," ಎಂದ. "ಇನ್ಮೇಲೆ ಗಾಡಿ ನಿಮ್ಮತ್ತಿಗೆ ಓಡಿಸ್ತಾಳೆ. ಒಂಟೆ ಮಾರಲ್ಲ."

ಸೈಫ್ ಕಾಫಿಗೂ ಕಾಯದೆ ಎದ್ದು ಹೋಗಿ ಅತ್ತಿಗೆಯ ಜೊತೆ ಡ್ರಮ್ಮಿಗೆ ಕೈ ಹಾಕಿದ.