ಹಾಕಿ ಮೈದಾನಕ್ಕೆ ಒಂದು ಕೈ

ಪಂಚಾಯಿತಿ ಹಣದಲ್ಲಿ ಮೈದಾನ ಕಟ್ಟದಿದ್ದರೆ ಉಪ್ಪುಂದದ ಹಾಕಿ ತಂಡವನ್ನು ಬ್ರಹ್ಮಾವರಕ್ಕೆ ಒಯ್ಯುತ್ತೇನೆಂದು ತಂಡದ ಮಾಲೀಕ ರವಿಚಂದ್ರ ಶೆಟ್ಟರು ಹೇಳಿದ್ದರು. ಅವರು ಕೇಳಿದ್ದು ಹೆಂಗಸರು ಮೀನು ಒಣಗಿಸುವ ಬಯಲನ್ನು.

ಪಂಚಾಯಿತಿ ಸಭೆಯಲ್ಲಿ ಅಧ್ಯಕ್ಷರು ನೋಡಿದಾಗ ಒಪ್ಪಿಗೆಯೆಂದು ಕೈ ಎತ್ತುವುದು ಮಹಿಳಾ ಸದಸ್ಯರ ರೂಢಿ. ನಾಲ್ಕು ವರ್ಷ ಹಾಗೇ ಎತ್ತಿದ ಸರೋಜಳಿಗೆ ಈ ಸಲ ಒಂದು ಕುತೂಹಲ ಹುಟ್ಟಿತ್ತು. ತಂಡವೊಂದು ಊರಿನದ್ದಾಗುವುದು ಹೇಗೆ?

“ಶೆಟ್ರೇ, ಕಟ್ಟಿ ಕೊಟ್ರೆ ತಂಡ ಎಷ್ಟ್ ವರ್ಷ ಇಲ್ಲೇ ಇರತ್?” ಎಂದು ಸಭೆಯಲ್ಲಿ ಕೇಳಿದಳು.

“ಅದ್ನ ಈಗ್ಳೇ ಹ್ಯಾಂಗ್ ಹೇಳುದ್, ಸರೋಜಕ್ಕ? ಬೇರೆ ಊರರ್ ಇನ್ನೂ ದೊಡ್ಡದ್ ಕಟ್ರೆ?” ಶೆಟ್ಟರು ನಕ್ಕರು.

“ಹಂಗಾರೆ ನಾವ್ ಮೀನ್ ಒಣಗ್ಸುಕೆ ಬ್ರಹ್ಮಾವರಕ್ಕೆ ಹೋಯ್ಕಾ?”

ಅಧ್ಯಕ್ಷರು ಅವಳತ್ತ ನೋಡಿದರು. ಸರೋಜ ಕೈ ಎತ್ತಲಿಲ್ಲ. ಪಕ್ಕದಲ್ಲಿದ್ದ ಸದಸ್ಯೆ ವಿನಯಾ, ಅರ್ಧ ಎತ್ತಿದ್ದ ಕೈಯಿಂದ ಸೆರಗು ಸರಿಪಡಿಸಿಕೊಂಡಳು.